ಅರಳುಮರಳಿನ ಅಳತೆ

‘ಅರವತ್ತಕ್ಕೆ ಅರಳುಮರಳು’ ಎಂಬ ನಾಣ್ನುಡಿಯು ಕನ್ನಡ ನಾಡಿನ ಮೂಲೆ ಮೂಲೆಗಳಲ್ಲಿಯೂ ಕೇಳಿಬರುವದು. ಮನೆಯ ಹಿರಿಯರು ಇಟ್ಟ ವಸ್ತುವನ್ನು ಮರೆತರೆ, ಹೇಳಿದ ಮಾತನ್ನೇ ಮತ್ತೆ ಮತ್ತೆ ಹೇಳಿದರೆ, ಉಂಡ ಮೇಲೆಯೂ ತಮ್ಮನ್ನು ಊಟಕ್ಕೆ ಕರೆಯಲಿಲ್ಲವೆಂದು ಮುನಿದರೆ, ಈ ಒಂದು ಮಾತಿನಿಂದಲೇ ಎಲ್ಲಕ್ಕೂ ಸಮಾಧಾನ ಹೇಳಿಬಿಡುವ ರೂಢಿಯುಂಟು. ಮಾತು ಚಿಕ್ಕದಾದರೂ ಅದರಿಂದಾಗುವ ಹಾನಿಯು ಎರಡು ಬಗೆಯದು. ವಯಸ್ಸಾದವರೆಲ್ಲರ ಬುದ್ಧಿಯೂ ಕೆಡುವದೆಂಬ ಅಪವಾದವು ಒಂದು. ನಿಜವಾಗಿ ಹಿಡಿದ ರೋಗವನ್ನು ವಯೋಧರ್ಮವೆಂದು ಕಡೆಗಣಿಸುವದು ಇನ್ನೊಂದು. ಮೊದಲನೆಯದರಿಂದ ಸ್ವಸ್ಥನಾದ ಮುದುಕನ ಮಾತಿಗೆ ಮನೆಯಲ್ಲಿ ಬೆಲೆ ಹೋಗುವದು. ಎರಡನೆಯದರಿಂದ ಅಸ್ವಸ್ಥಳಾದ ಮುದುಕಿಗೆ ಆರೈಕೆ ತಪ್ಪುವದು. ಕವಿವರ್ಯ ಬೇಂದ್ರೆಯವರ ‘ಅರಳು ಮರಳು’ ಎಂಬ ಸಂಪುಟಕ್ಕೆ ೧೯೫೮ ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಾಗ ಅವರಿಗೆ ಅರವತ್ತೆರಡು ವರ್ಷ ವಯಸ್ಸಾಗಿದ್ದಿತು. ಅರವತ್ತೆಂಬದು ಬುದ್ಧಿಯ ಗಡಿಕಲ್ಲಲ್ಲವೆಂಬದಕ್ಕೆ ಈ ಒಂದು ನಿದರ್ಶನವೇ ಸಾಕು.

ಹಾಗಾದರೆ ವಯಸ್ಸಿನ ಸಹಜವಾದ ಮರೆವು ಯಾವದು, ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಬುದ್ಧಿಕ್ಷಯರೋಗವು ಯಾವದು ಎಂಬದನ್ನು ಗುರುತಿಸುವ ಬಗೆ ಹೇಗೆ? ಇದಕ್ಕಾಗಿ ಕಳೆದ ನೂರು ನೂರಿಪ್ಪತ್ತು ವರ್ಷಗಳಲ್ಲಿ ವಿದ್ವಾಂಸರು ಹಲವು ಪ್ರಶ್ನಪತ್ರಿಕೆಗಳನ್ನು ರಚಿಸಿರುವರು. ಆ ಪ್ರಶ್ನಪತ್ರಿಕೆಗಳ ಚರಿತ್ರವನ್ನು ನೋಡಿದರೆ, ಅವು ಮುದುಕರನ್ನು ಪರೀಕ್ಷಿಸಿದಷ್ಟೇ ಮುದುಕರಿಂದ ತಾವೂ ಪರೀಕ್ಷೆಗೆ ಒಳಗಾದವೆಂಬದು ತಿಳಿದುಬರುವದು. ಕಾಲಜ್ಞಾನದ ವಚನಗಳಿಂದ ಹೆಸರಾದ ಕೊಡೇಕಲ್ ಬಸವಣ್ಣನ ಊರಾದ ಕೊಡೇಕಲ್ಲಿನಂಥ ಗ್ರಾಮದಲ್ಲಿ, ಶಾಲೆಯ ಮೆಟ್ಟಿಲು ಹತ್ತದ ವೃದ್ಧರ ಮುಂದೆ ಈ ಪತ್ರಿಕೆಗಳನ್ನು ಇಟ್ಟಾಗ ಏನಾಗುವದೆಂಬದೇ ಈ ಚರಿತ್ರದ ಒರೆಗಲ್ಲು.

ಸ್ಮೃತಿಯನ್ನು ಪರೀಕ್ಷಿಸಬೇಕೆಂಬ ವಿಚಾರವು ನಮ್ಮ ದೇಶಕ್ಕೆ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಕಣ್ಣಿಗೆ ಕಾಣದ ಗುಣಗಳನ್ನು ಅನುಮಾನದಿಂದ ತಿಳಿಯುವ ಕ್ರಮವನ್ನು ಹೇಳುವಾಗ, ಮೇಧೆಯನ್ನು ರೋಗಿಯ ಗ್ರಹಣಶಕ್ತಿಯಿಂದಲೂ, ಸಂಜ್ಞೆಯನ್ನು ಹೆಸರು ಹೇಳುವದರಿಂದಲೂ, ಸ್ಮೃತಿಯನ್ನು ಸ್ಮರಣೆಯಿಂದಲೂ ಅರಿಯಬೇಕೆಂದು ಉಪದೇಶಿಸಿದೆ. ಇಂದಿನ ಪರೀಕ್ಷಕನು ರೋಗಿಗೆ ಮೂರು ಶಬ್ದಗಳನ್ನು ಹೇಳಿಕೊಟ್ಟು, ಮುಂದೆ ಒಂದು ವಸ್ತುವನ್ನು ತೋರಿಸಿ ಹೆಸರು ಕೇಳಿ, ಸ್ವಲ್ಪ ಹೊತ್ತಿನ ಮೇಲೆ ಆ ಮೂರು ಶಬ್ದಗಳನ್ನು ತಿರುಗಿ ಕೇಳುವಾಗ ಮಾಡುವದು ಇವೇ ಮೂರು ಕೆಲಸಗಳನ್ನು. ಶಾರ್ಙ್ಗಧರ ಸಂಹಿತೆಯಲ್ಲಿ ಮನುಷ್ಯನ ಆಯುಷ್ಯವನ್ನು ಹತ್ತು ಹತ್ತು ವರ್ಷಗಳ ಭಾಗಗಳನ್ನಾಗಿ ಮಾಡಿ, ಒಂದೊಂದು ದಶಕದಲ್ಲಿ ಒಂದೊಂದು ಗುಣವು ಕ್ಷೀಣಿಸುವದೆಂದು ಹೇಳಿದೆ. ಅದರಲ್ಲಿ ದೃಷ್ಟಿಯ ಹಾನಿಯು ಆರನೆಯ ದಶಕದಲ್ಲಿ ಬಂದರೆ, ಬುದ್ಧಿಯ ಹಾನಿಯು ಒಂಬತ್ತನೆಯದಕ್ಕೆ ಬರುವದು. ನಾಣ್ನುಡಿಗಿಂತ ಶಾಸ್ತ್ರವು ಮುದುಕರಿಗೆ ಹೆಚ್ಚು ಉದಾರವಾಗಿದೆಯೆಂದು ಇದರಿಂದ ಕಾಣುವದು. ಆದರೆ ಎಷ್ಟು ಮರೆತರೆ ರೋಗ, ಎಷ್ಟು ಮರೆತರೆ ಸಹಜ ಎಂಬ ಸಂಖ್ಯಾರೂಪವಾದ ಅಳತೆಯು ಪ್ರಾಚೀನರಲ್ಲಿ ಇಲ್ಲ.

ಅಂಥ ಅಳತೆಯ ಹುಡುಕಾಟವು ಯುರೋಪಿನಲ್ಲಿ ಆರಂಭವಾಯಿತು. ೧೮೮೧ ರಲ್ಲಿ ಫ್ರಾನ್ಸ್ ದೇಶದ ಥಿಯೊಡ್ಯೂಲ್ ರಿಬೊ ಎಂಬವನು ಸ್ಮೃತಿಯ ರೋಗಗಳನ್ನು ಕುರಿತು ಬರೆದ ಗ್ರಂಥದಲ್ಲಿ, ರೋಗವು ಮೊದಲು ಹೊಸ ನೆನಪುಗಳನ್ನು ಅಳಿಸಿ ಹಳೆಯವನ್ನು ಕಡೆಗೆ ಮುಟ್ಟುವದೆಂಬ ನಿಯಮವನ್ನು ಪ್ರತಿಪಾದಿಸಿದನು. ಇದು ಮನೆಮನೆಯವರೂ ಕಂಡ ಸಂಗತಿಯೇ. ೧೯೪೮ ರ ಸೆಪ್ಟೆಂಬರದಲ್ಲಿ ಹೈದರಾಬಾದ ಸಂಸ್ಥಾನದ ಮೇಲೆ ಪೋಲೀಸ್ ಕಾರ್ಯಾಚರಣೆಯಾಗುವ ಮುನ್ನ ರಜಾಕಾರರಿಗೆ ಹೆದರಿ ಬಾಲ್ಯದಲ್ಲಿ ಊರು ಬಿಟ್ಟುದನ್ನು ಹೆಜ್ಜೆ ಹೆಜ್ಜೆಗೂ ವರ್ಣಿಸಬಲ್ಲ ಅಜ್ಜಿಗೆ ಬೆಳಗಿನ ರೊಟ್ಟಿಯ ನೆನಪು ಇಲ್ಲದಿರಬಹುದು. ಹಳೆಯದನ್ನು ಚೆನ್ನಾಗಿ ಹೇಳುತ್ತಾಳಾದ್ದರಿಂದ ಆಕೆಗೆ ಏನೂ ಆಗಿಲ್ಲವೆಂದು ಮನೆಯವರು ತಿಳಿಯುವದು ಈ ನಿಯಮವನ್ನು ಅರಿಯದುದರಿಂದ.

೧೯೦೧ ನೆಯ ಇಸವಿಯ ನವೆಂಬರ ತಿಂಗಳಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯೊಂದಕ್ಕೆ ಆಗುಸ್ತೆ ಎಂಬ ೫೧ ವರ್ಷದ ಸ್ತ್ರೀಯನ್ನು ಸೇರಿಸಿದರು. ವೈದ್ಯನಾದ ಅಲೋಯಿಸ್ ಆಲ್ಝೈಮರನು ಆಕೆಗೆ ಕೇಳಿದ ಪ್ರಶ್ನೆಗಳನ್ನೂ ಆಕೆ ಕೊಟ್ಟ ಉತ್ತರಗಳನ್ನೂ ಬರೆದಿಟ್ಟನು. ಹೆಸರು ಕೇಳಿದರೆ ಸರಿಯಾಗಿ ಹೇಳಿದಳು. ಗಂಡನ ಹೆಸರು ಕೇಳಿದರೂ ತನ್ನ ಹೆಸರನ್ನೇ ಹೇಳಿದಳು. ಹೂಕೋಸು ಮತ್ತು ಮಾಂಸವನ್ನು ಉಣ್ಣುತ್ತಿರುವಾಗ, ಉಣ್ಣುವದೇನೆಂದು ಕೇಳಲು, ಸೊಪ್ಪು ಎಂದಳು. ತೋರಿಸಿದ ವಸ್ತುಗಳ ಹೆಸರನ್ನು ಹೇಳಿದಳಾದರೂ ಸ್ವಲ್ಪ ಹೊತ್ತಿನ ಮೇಲೆ ತೋರಿಸಿದುದನ್ನೇ ಮರೆತಳು. ೧೯೦೬ ರಲ್ಲಿ ಆಕೆ ತೀರಿಕೊಂಡ ತರುವಾಯ ಆಲ್ಝೈಮರನು ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ, ಅದರಲ್ಲಿ ವಿಚಿತ್ರವಾದ ಕಲೆಗಳನ್ನೂ ತಂತುಗಳ ಗಂಟುಗಳನ್ನೂ ಕಂಡನು; ಅದೇ ವರ್ಷದ ನವೆಂಬರದಲ್ಲಿ ಟ್ಯೂಬಿಂಗೆನ್ ಊರಿನ ಸಭೆಯೊಂದರಲ್ಲಿ ಅದನ್ನು ಪ್ರಕಟಪಡಿಸಿದನು. ೧೯೧೦ ರಲ್ಲಿ ಕ್ರೇಪೆಲಿನ್ ಎಂಬ ಆಚಾರ್ಯನು ತನ್ನ ಗ್ರಂಥದಲ್ಲಿ ಆ ರೋಗಕ್ಕೆ ಆಲ್ಝೈಮರನ ಹೆಸರನ್ನೇ ಇಟ್ಟನು.

ಇಷ್ಟಾದರೂ ಬಹುಕಾಲದ ವರೆಗೆ ಇದು ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗವೆಂದೇ ಪಂಡಿತರು ಭಾವಿಸಿದರು. ಮುದುಕರ ಮರೆವಿಗೆ ಅವರಲ್ಲಿಯೂ ಅರಳುಮರಳೆಂಬ ಸಮಾಧಾನವೇ ಉಳಿದಿತ್ತು. ೧೯೬೮ ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಬ್ಲೆಸೆಡ್, ಟಾಮ್ಲಿನ್‌ಸನ್ ಮತ್ತು ರಾತ್ ಎಂಬ ಮೂವರು ಈ ಭಾವನೆಯನ್ನು ಅಲುಗಿಸಿದರು. ಅವರು ವೃದ್ಧರಿಗೆ ಜೀವಿತಕಾಲದಲ್ಲಿಯೇ ಕೆಲವು ಸುಲಭವಾದ ಪ್ರಶ್ನೆಗಳನ್ನು ಕೇಳಿ ಗುಣಗಳನ್ನು ಹಾಕಿಟ್ಟರು. ಮರಣಾನಂತರ ಅವರ ಮೆದುಳಿನಲ್ಲಿಯ ಕಲೆಗಳನ್ನು ಎಣಿಸಿದರು. ಕಲೆಗಳು ಹೆಚ್ಚಿದಂತೆಲ್ಲ ಪ್ರಶ್ನೆಗಳಲ್ಲಿ ದೊರೆತ ಗುಣಗಳು ಕಡಿಮೆಯಾಗಿದ್ದವು. ಮುದುಕರ ಮರೆವಿನ ಹಿಂದೆಯೂ ದೇಹಗತವಾದ ರೋಗವು ಇರಬಲ್ಲದೆಂಬದೂ, ಹಾಸಿಗೆಯ ಬಳಿ ಕುಳಿತು ಕೇಳುವ ನಾಲ್ಕು ಮಾತುಗಳಿಂದ ಅದರ ಸುಳಿವು ಸಿಕ್ಕುವದೆಂಬದೂ ಆಗ ಸ್ಥಾಪಿತವಾದವು.

ಪ್ರಶ್ನೆ ಕೇಳಿ ಗುಣ ಹಾಕುವ ಪದ್ಧತಿಯು ಮೂಲತಃ ಶಾಲೆಯದು. ೧೯೦೫ ರಲ್ಲಿ ಪ್ಯಾರಿಸಿನ ಆಲ್‌ಫ್ರೆಡ್ ಬಿನೆ ಎಂಬವನು ಬಾಲಕರ ಬುದ್ಧಿಯನ್ನು ಅಳೆಯುವ ಪ್ರಶ್ನಮಾಲೆಯನ್ನು ರಚಿಸಿದನು. ಕನ್ನಡಕ್ಕೆ ಈ ವಿದ್ಯೆಯು ಬಹು ಬೇಗನೆ ಬಂದಿತೆಂಬದು ಹೆಮ್ಮೆಯ ಸಂಗತಿ. ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಬಿನೆಯ ಪ್ರಶ್ನೆಗಳನ್ನು ತಿದ್ದಿ ಅಳವಡಿಸಿ ೧೯೩೪ ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ೧೯೪೦ ರಲ್ಲಿ ಅದು ಗ್ರಂಥರೂಪವಾಗಿಯೂ ಬಂದಿತು. ‘ಬಿನೆ–ಕಾಮತ್ ಪರೀಕ್ಷೆ’ ಎಂಬ ಹೆಸರಿನಿಂದ ಅದು ಇಂದಿಗೂ ಪ್ರಸಿದ್ಧವಾಗಿದೆ. ಪರದೇಶದ ಪ್ರಶ್ನೆಯನ್ನು ಬರಿದೆ ಭಾಷಾಂತರಿಸಿದರೆ ಸಾಲದು, ಇಲ್ಲಿಯ ಮಕ್ಕಳ ಅನುಭವಕ್ಕೆ ಹೊಂದಿಸಿ ಇಲ್ಲಿಯ ಮಕ್ಕಳ ಮೇಲೆಯೇ ಒರೆಹಚ್ಚಿ ನೋಡಬೇಕೆಂಬ ಪಾಠವನ್ನು ಕಾಮತರು ಅಂದೇ ಕಲಿಸಿದರು. ವೃದ್ಧರ ವಿಷಯದಲ್ಲಿ ಆ ಪಾಠವನ್ನು ತಿರುಗಿ ಕಲಿಯುವದಕ್ಕೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

೧೯೭೨ ರಲ್ಲಿ ಇಂಗ್ಲೆಂಡಿನ ಹಾಡ್ಕಿನ್‌ಸನ್ ಎಂಬ ವೈದ್ಯನು ವೃದ್ಧರಿಗಾಗಿ ಹತ್ತೇ ಪ್ರಶ್ನೆಗಳ ಪತ್ರಿಕೆಯೊಂದನ್ನು ಸಿದ್ಧಪಡಿಸಿದನು. ವಯಸ್ಸು, ಇಸವಿ, ಹುಟ್ಟಿದ ದಿನ, ಇಪ್ಪತ್ತರಿಂದ ಒಂದರ ವರೆಗೆ ಹಿಂದುಮುಂದಾಗಿ ಎಣಿಕೆ ಇವುಗಳ ಜೊತೆಗೆ, ಮೊದಲನೆಯ ಮಹಾಯುದ್ಧದ ವರ್ಷ, ರಾಜ್ಯವಾಳುತ್ತಿರುವ ಅರಸರ ಹೆಸರು ಎಂಬ ಪ್ರಶ್ನೆಗಳೂ ಅದರಲ್ಲಿದ್ದವು. ೧೯೭೫ ರಲ್ಲಿ ಅಮೇರಿಕೆಯ ಫೋಲ್‌ಸ್ಟೀನ್ ದಂಪತಿಗಳೂ ಮ್ಯಾಕ್‌ಹ್ಯೂ ಎಂಬವರೂ ಕೂಡಿ ಮೂವತ್ತು ಗುಣಗಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಕಾಲ ಮತ್ತು ಸ್ಥಳಗಳ ಅರಿವಿಗೆ ಹತ್ತು ಗುಣ, ಮೂರು ಶಬ್ದಗಳ ಗ್ರಹಣಕ್ಕೆ ಮೂರು, ನೂರರಿಂದ ಏಳೇಳನ್ನು ಕಳೆಯುತ್ತ ಹೋಗುವದಕ್ಕೆ ಐದು, ಆ ಮೂರು ಶಬ್ದಗಳನ್ನು ತಿರುಗಿ ನೆನೆಯುವದಕ್ಕೆ ಮೂರು, ಓದುವದು, ಬರೆಯುವದು, ಹೆಸರಿಸುವದು, ಚಿತ್ರವನ್ನು ನೋಡಿ ಬಿಡಿಸುವದು ಮೊದಲಾದವುಗಳಿಗೆ ಒಂಬತ್ತು. ಹತ್ತು ನಿಮಿಷಗಳೊಳಗೆ ಮುಗಿಯುವ ಈ ಪರೀಕ್ಷೆಯು ಜಗತ್ತಿನಲ್ಲೆಲ್ಲ ಹಬ್ಬಿತು. ಇಪ್ಪತ್ತನಾಲ್ಕಕ್ಕಿಂತ ಕಡಿಮೆ ಗುಣ ಬಂದವರನ್ನು ಸಂಶಯದ ಸಾಲಿಗೆ ಸೇರಿಸುವದು ರೂಢಿಯಾಯಿತು.

ಈ ರೂಢಿಯಲ್ಲಿ ಅಡಗಿದ ದೋಷವು ೧೯೯೩ ರಲ್ಲಿ ಸ್ಪಷ್ಟವಾಗಿ ಕಂಡುಬಂದಿತು. ಅಮೇರಿಕೆಯಲ್ಲಿ ೧೮,೦೫೬ ಜನ ವಯಸ್ಕರಿಗೆ ಈ ಪರೀಕ್ಷೆಯನ್ನು ಕೊಟ್ಟು ನೋಡಲು, ಒಂಬತ್ತು ವರ್ಷ ಮತ್ತು ಅದಕ್ಕಿಂತ ಹೆಚ್ಚು ಓದಿದವರ ನಡುವಣ ಗುಣವು ೨೯, ಐದರಿಂದ ಎಂಟು ವರ್ಷ ಓದಿದವರದು ೨೬, ನಾಲ್ಕು ವರ್ಷ ಅಥವಾ ಅದಕ್ಕೂ ಕಡಿಮೆ ಓದಿದವರದು ೨೨ ಎಂದು ತಿಳಿಯಿತು. ಅಂದರೆ ಶಾಲೆಯನ್ನು ಅಷ್ಟಾಗಿ ಕಾಣದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಇಪ್ಪತ್ತನಾಲ್ಕರ ಗೆರೆಯ ಕೆಳಗೇ ಬಿದ್ದರು. ಅವರೆಲ್ಲರೂ ರೋಗಿಗಳಾಗಿರುವದು ಸಾಧ್ಯವಿಲ್ಲ. ಬುದ್ಧಿಯನ್ನು ಅಳೆಯಹೊರಟ ಕೋಲು ಅರಿಯದೆ ಓದನ್ನು ಅಳೆದಿತ್ತು.

ಅಮೇರಿಕೆಯಲ್ಲಿಯೇ ಹೀಗಾದರೆ ಸುರಪುರ ಸೀಮೆಯ ಪಾಡೇನು? ೨೦೧೧ ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆಯು ನೂರಕ್ಕೆ ೫೧.೮೩ ರಷ್ಟಿದ್ದು, ಕರ್ನಾಟಕದ ಎಲ್ಲ ಜಿಲ್ಲೆಗಳಿಗಿಂತ ಕೆಳಗಿತ್ತು. ವೃದ್ಧರನ್ನಷ್ಟೇ, ಅದರಲ್ಲಿಯೂ ವೃದ್ಧ ಸ್ತ್ರೀಯರನ್ನಷ್ಟೇ ಎಣಿಸಿದರೆ ಅಕ್ಷರ ಬಲ್ಲವರು ಇನ್ನೂ ವಿರಳ. ಅವರ ಬಾಲ್ಯವು ನಿಜಾಮರ ಆಡಳಿತದಲ್ಲಿ ಕಳೆಯಿತು. ಆಗ ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ, ತಾಂಡಾಗಳಲ್ಲಿ ಲಂಬಾಣಿ. ಓದಲು ಬಾರದವಳಿಗೆ ಓದಿ ಹೇಳೆನ್ನುವದು, ಲೇಖಣಿಯನ್ನೇ ಹಿಡಿಯದ ಕೈಗೆ ಚಿತ್ರ ಬಿಡಿಸೆನ್ನುವದು ಪರೀಕ್ಷೆಯಲ್ಲ, ಅವಮಾನ.

ಸ್ಥಳವನ್ನು ಕುರಿತ ಪ್ರಶ್ನೆಗಳಂತೂ ಇಲ್ಲಿ ಇನ್ನೂ ತೊಡಕಿನವು. ಕೊಡೇಕಲ್ಲಿನಲ್ಲಿ ೧೯೪೦ ರ ಸುಮಾರಿಗೆ ಹುಟ್ಟಿ ಊರು ಬಿಡದೆ ಬಾಳಿದ ಒಬ್ಬ ವೃದ್ಧೆಯನ್ನು ಊಹಿಸಿಕೊಳ್ಳಬಹುದು. ಆಕೆ ೧೯೪೮ ರ ವರೆಗೆ ನಿಜಾಮರ ಪ್ರಜೆ, ೧೯೫೬ ರ ವರೆಗೆ ಹೈದರಾಬಾದ ರಾಜ್ಯದವಳು, ೧೯೭೩ ರ ವರೆಗೆ ಮೈಸೂರು ರಾಜ್ಯದವಳು, ಅಲ್ಲಿಂದೀಚೆಗೆ ಕರ್ನಾಟಕದವಳು. ಜಿಲ್ಲೆಯು ೨೦೦೯ ರ ಡಿಸೆಂಬರದ ವರೆಗೆ ಗುಲಬರ್ಗಾ, ಆಮೇಲೆ ಯಾದಗಿರಿ; ಆ ಗುಲಬರ್ಗೆಯೂ ೨೦೧೪ ರಲ್ಲಿ ಕಲಬುರಗಿಯಾಯಿತು. ತಾಲೂಕು ಮೊದಲು ಸುರಪುರ, ಈಗ ಹುಣಸಗಿ. ಒಂದು ಮನೆಯ ಹೊಸ್ತಿಲನ್ನು ದಾಟದೆಯೇ ಆಕೆ ನಾಲ್ಕು ರಾಜ್ಯಗಳನ್ನೂ ಎರಡು ಜಿಲ್ಲೆಗಳನ್ನೂ ಎರಡು ತಾಲೂಕುಗಳನ್ನೂ ಕಂಡಳು. ಯಾವ ಜಿಲ್ಲೆಯೆಂದು ಕೇಳಿದಾಗ ‘ಗುಲಬರ್ಗಾ’ ಎಂದರೆ ಅದು ಬುದ್ಧಿಕ್ಷಯದ ಲಕ್ಷಣವೇ, ಅಥವಾ ಎಪ್ಪತ್ತು ವರ್ಷದ ಅಭ್ಯಾಸವೇ? ಊರಿನ ಚರಿತ್ರವನ್ನು ಅರಿಯದ ಪರೀಕ್ಷಕನು ಒಂದು ಗುಣವನ್ನು ಕಳೆಯುವನು. ಅರಿತವನು ಇನ್ನೊಂದು ಪ್ರಶ್ನೆಯನ್ನು ಕೇಳುವನು.

ಈ ಇಕ್ಕಟ್ಟಿಗೆ ಭಾರತದಲ್ಲಿ ಮೊದಲು ಪರಿಹಾರವನ್ನು ಹುಡುಕಿದ ಸ್ಥಳಗಳಲ್ಲಿ ಹರಿಯಾಣೆಯ ಬಲ್ಲಭಗಢವು ಮುಖ್ಯವಾದುದು. ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಗ್ರಾಮಾರೋಗ್ಯ ಕೇಂದ್ರವು ಅಲ್ಲಿರುವದು. ವಿಜಯ ಚಂದ್ರ, ಮೇರಿ ಗಂಗೂಲಿ ಮೊದಲಾದವರು ಅಮೇರಿಕೆಯ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಹಕಾರದಿಂದ ಫೋಲ್‌ಸ್ಟೀನರ ಪರೀಕ್ಷೆಯನ್ನು ಅಲ್ಲಿಯ ನಿರಕ್ಷರ ವೃದ್ಧರಿಗೆ ಹೊಂದಿಸಿ ೧೯೯೫ ರಲ್ಲಿ ಹಿಂದಿಯ ರೂಪವನ್ನು ಪ್ರಕಟಿಸಿದರು. ಅವರು ಮಾಡಿದ ಮಾರ್ಪಾಡುಗಳು ಗಮನಿಸತಕ್ಕವು. ಕಳೆಯುವ ಲೆಕ್ಕದ ಬದಲಿಗೆ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದರು. ಓದಿ ಕಣ್ಣು ಮುಚ್ಚೆಂಬ ಆಜ್ಞೆಯ ಬದಲಿಗೆ ಪರೀಕ್ಷಕನೇ ಕಣ್ಣು ಮುಚ್ಚಿ ತೋರಿಸಿ, ತನ್ನಂತೆ ಮಾಡೆಂದು ಹೇಳಿದನು. ವಾಕ್ಯವನ್ನು ಬರೆಯುವ ಬದಲಿಗೆ ಮನೆಯ ವಿಷಯವಾಗಿ ಒಂದು ಮಾತು ಆಡಿಸಿದರು. ನೆನಪಿಡಬೇಕಾದ ಮೂರು ಶಬ್ದಗಳು ಮಾವು, ಕುರ್ಚಿ, ನಾಣ್ಯ. ಸಮಯ ಕೇಳಿದಾಗ ತಾರೀಖು ತಪ್ಪಿದರೂ, ಬೆಳಗೋ ಮಧ್ಯಾಹ್ನವೋ ಸಂಜೆಯೋ ಎಂಬದು ತಪ್ಪಬಾರದು; ಸ್ಥಳ ಕೇಳಿದಾಗ ಊರು, ಅಂಚೆಯ ಕಚೇರಿ, ಕುಳಿತ ಮನೆ ಯಾರದೆಂಬದು ಇವೇ ಪ್ರಶ್ನೆಗಳು. ವೇದಾಧ್ಯಯನದಲ್ಲಿ ಜಟಾಪಾಠವನ್ನು ಬಲ್ಲವರಿಗೆ, ಕ್ರಮವಾಗಿ ಕಂಠಸ್ಥವಾದುದನ್ನು ವ್ಯುತ್ಕ್ರಮವಾಗಿ ಹೇಳುವದರಲ್ಲಿ ಎಷ್ಟು ಅವಧಾನವು ಬೇಕೆಂಬದು ಗೊತ್ತೇ ಇದೆ. ಶನಿವಾರದಿಂದ ಹಿಂದಕ್ಕೆ ಭಾನುವಾರದ ವರೆಗೆ ಬರುವ ನಿರಕ್ಷರಳಾದ ಮುದುಕಿಯು ಅದೇ ಅವಧಾನವನ್ನು ತೋರಿಸುತ್ತಾಳೆ.

ಆ ಅಧ್ಯಯನದಲ್ಲಿ ಐವತ್ತೈದು ದಾಟಿದ ೫,೧೨೬ ಜನರನ್ನು ಪರೀಕ್ಷಿಸಿದರು. ಅವರಲ್ಲಿ ನೂರಕ್ಕೆ ೭೩ ಕ್ಕಿಂತ ಹೆಚ್ಚು ಜನರು ನಿರಕ್ಷರರು. ೧೯೯೮ ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅರವತ್ತೈದು ದಾಟಿದವರಲ್ಲಿ ಬುದ್ಧಿಕ್ಷಯವು ನೂರಕ್ಕೆ ೧.೩೬ ರಷ್ಟು ಮಾತ್ರವಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ದೇಶದ ಹಲವು ರಾಜ್ಯಗಳಲ್ಲಿ ೪,೦೯೬ ವೃದ್ಧರನ್ನು ವಿಸ್ತಾರವಾಗಿ ಪರೀಕ್ಷಿಸಿ ೨೦೨೩ ರಲ್ಲಿ ಪ್ರಕಟಿಸಿದ ಗಣನೆಯಲ್ಲಿ, ಅರವತ್ತು ದಾಟಿದವರಲ್ಲಿ ನೂರಕ್ಕೆ ೭.೪ ರಷ್ಟು, ಅಂದರೆ ಸುಮಾರು ೮೮ ಲಕ್ಷ ಜನರಿಗೆ ಈ ರೋಗವಿರುವದೆಂದು ಅಂದಾಜು ಮಾಡಿದರು. ಪುರುಷರಿಗಿಂತ ಸ್ತ್ರೀಯರಲ್ಲಿಯೂ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೂ ಅದು ಹೆಚ್ಚಾಗಿ ಕಂಡುಬಂದಿತು. ಇಪ್ಪತ್ತೈದು ವರ್ಷಗಳಲ್ಲಿ ರೋಗವು ಐದು ಪಟ್ಟು ಬೆಳೆಯಿತೆಂದು ಇದರಿಂದ ಹೇಳಲಾಗದು. ಪ್ರದೇಶವೂ ಬೇರೆ, ಅಳೆದ ಕೋಲೂ ಬೇರೆ, ರೋಗವೆಂದು ಕರೆಯುವ ಗೆರೆಯೂ ಬೇರೆ. ಅಂಕಿಯನ್ನು ಓದುವವರು ಅದನ್ನು ತಂದ ಕೋಲನ್ನೂ ನೋಡಬೇಕಾಗುವದು.

ಕನ್ನಡದಲ್ಲಿ ಈ ಕಾರ್ಯವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸುತ್ತ ಬೆಳೆಯಿತು. ೧೮೪೭ ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ, ೧೯೫೪ ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ ರಲ್ಲಿ ಕೂಡಿ ಈ ಸಂಸ್ಥೆಯಾಯಿತು. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ೨೦೦೫ ರಲ್ಲಿ ನಸ್ರದ್ದೀನ್ ಎಂಬ ವೈದ್ಯರು ಪ್ರಕಟಿಸಿದ, ರೋಗದ ಮೊದಲ ಸುಳಿವುಗಳನ್ನು ಹಿಡಿಯುವ ಪರೀಕ್ಷೆಗೆ ಕನ್ನಡ ರೂಪವುಂಟು. ಹನ್ನೆರಡು ವರ್ಷ ಅಥವಾ ಅದಕ್ಕೂ ಕಡಿಮೆ ಓದಿದವರಿಗೆ ಅದರಲ್ಲಿ ಒಂದು ಗುಣವನ್ನು ಕೂಡಿಸುವ ನಿಯಮವಿರುವದು. ಇಂಗ್ಲೆಂಡಿನಲ್ಲಿ ರೂಪುಗೊಂಡ ನೂರು ಗುಣಗಳ ಇನ್ನೊಂದು ಪರೀಕ್ಷೆಯನ್ನು ಕನ್ನಡವೂ ಸೇರಿ ಭಾರತದ ಏಳು ಭಾಷೆಗಳಲ್ಲಿ ಒರೆಹಚ್ಚಿ ೨೦೨೦ ರಲ್ಲಿ ವರದಿ ಮಾಡಿದರು. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಪರೀಕ್ಷಾಸಂಪುಟವು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲೆಯಾಳ ಈ ಐದು ಭಾಷೆಗಳಲ್ಲಿ ಹೊರಬಂದಿತು. ಶಾಲೆಯಿಲ್ಲದುದಕ್ಕೆ ಒಂದು ಗುಣದ ಪರಿಹಾರವನ್ನು ಕೊಡುವದರಿಂದ ಮೊದಲಾಗಿ, ನಾಡಭಾಷೆಗಳಲ್ಲಿ ಪ್ರಶ್ನೆಯನ್ನೇ ಹೊಸದಾಗಿ ಕಟ್ಟುವದರ ವರೆಗೆ ಬಂದ ಪ್ರಗತಿಯು ಸಾಮಾನ್ಯವಾದುದಲ್ಲ.

ಸುರಪುರ ಸೀಮೆಯವರಿಗೆ ವಿಶೇಷ ಕುತೂಹಲವನ್ನು ಹುಟ್ಟಿಸುವ ಶೋಧವೊಂದು ಹೈದರಾಬಾದಿನಿಂದ ಬಂದಿರುವದು. ಅಲ್ಲಿಯ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಸುವರ್ಣಾ ಅಲ್ಲಾಡಿ ಮೊದಲಾದವರು ಬುದ್ಧಿಕ್ಷಯವಿದ್ದ ೬೪೮ ರೋಗಿಗಳ ವೃತ್ತಾಂತಗಳನ್ನು ಪರಿಶೀಲಿಸಿ, ಎರಡು ಅಥವಾ ಹೆಚ್ಚು ಭಾಷೆಗಳನ್ನು ಆಡುವವರಲ್ಲಿ ರೋಗವು ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು ೨೦೧೩ ರಲ್ಲಿ ತೋರಿಸಿದರು. ಅಕ್ಷರ ಬಾರದವರಲ್ಲಿಯೂ ಈ ಅಂತರವು ಕಂಡಿತು. ಇದು ಒಂದು ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಸಿದ್ಧಾಂತವೆಂದು ಗ್ರಹಿಸಬಾರದು. ಆದರೂ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ತೆಲುಗರೊಡನೆ ತೆಲುಗು ಎಂದು ದಿನವೂ ನಾಲಿಗೆಯನ್ನು ತಿರುಗಿಸುವ ಈ ಸೀಮೆಯ ವೃದ್ಧರ ವಿದ್ಯೆಯು ಶಾಲೆಯ ದಾಖಲೆಯಲ್ಲಿ ಕಾಣದಿದ್ದರೂ ಮೆದುಳಿಗೆ ಅದು ವಿದ್ಯೆಯೇ ಆಗಿರಬಹುದು.

ಒಮ್ಮೆ ಅಳೆಯುವದಕ್ಕಿಂತ ಮತ್ತೆ ಮತ್ತೆ ಅಳೆಯುವದು ಹೆಚ್ಚು ನ್ಯಾಯವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ೨೦೧೮ ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ ಇಂಥದೊಂದು ದೀರ್ಘಾಧ್ಯಯನವನ್ನು ಆರಂಭಿಸಿತು. ನಲವತ್ತೈದು ವರ್ಷ ದಾಟಿದ ಸ್ವಸ್ಥರಾದ ಹತ್ತು ಸಾವಿರ ಗ್ರಾಮಸ್ಥರನ್ನು ಸೇರಿಸಿಕೊಂಡು, ವರ್ಷಗಳ ಅಂತರದಲ್ಲಿ ತಿರುಗಿ ತಿರುಗಿ ಪರೀಕ್ಷಿಸುವದು ಅದರ ಉದ್ದೇಶ. ಹೀಗೆ ಮಾಡಿದಾಗ ಒಬ್ಬ ರೈತನ ಗುಣವನ್ನು ಪಟ್ಟಣದ ಪದವೀಧರನ ಗುಣದೊಡನೆ ಹೋಲಿಸುವ ಅಗತ್ಯವೇ ಇಲ್ಲ. ಅವನ ಇಂದಿನ ಗುಣವನ್ನು ಅವನದೇ ಹ್ಯಾಗಿನ ಗುಣದೊಡನೆ ಹೋಲಿಸಿದರಾಯಿತು. ಇಪ್ಪತ್ತೆರಡು ಬಂದವನಿಗೆ ಮೂರು ವರ್ಷಗಳ ಮೇಲೆಯೂ ಇಪ್ಪತ್ತೆರಡೇ ಬಂದರೆ ಗಾಬರಿಯ ಕಾರಣವು ಕಡಿಮೆ; ಇಪ್ಪತ್ತೊಂಬತ್ತು ಬಂದವನಿಗೆ ಇಪ್ಪತ್ತೈದು ಬಂದರೆ, ಗೆರೆಯ ಮೇಲೆಯೇ ಇದ್ದರೂ, ವಿಚಾರಿಸತಕ್ಕದ್ದು. ಅದೇ ಪ್ರಶ್ನೆಗಳನ್ನು ಮೇಲಿಂದ ಮೇಲೆ ಕೇಳಿದರೆ ಅಭ್ಯಾಸದಿಂದಲೇ ಗುಣ ಏರುವದೆಂಬದನ್ನೂ ಪರೀಕ್ಷಕರು ಮರೆಯಬಾರದು.

ಈ ಹೋಲಿಕೆಗೆ ಮನೆಯವರ ಸಾಕ್ಷ್ಯವು ಬಹಳ ಸಹಾಯಕವು. ಹತ್ತು ವರ್ಷದ ಹಿಂದೆ ಇದ್ದುದಕ್ಕೂ ಈಗಿರುವದಕ್ಕೂ ಏನು ಭೇದವೆಂದು ಬಂಧುಗಳನ್ನು ಕೇಳುವ ಪ್ರಶ್ನಾವಳಿಯನ್ನು ಆಸ್ಟ್ರೇಲಿಯದ ಜಾರ್ಮ್ ಎಂಬ ವಿದ್ವಾಂಸರು ೧೯೮೯ ರಲ್ಲಿ ರಚಿಸಿದರು. ಬಲ್ಲಭಗಢದಲ್ಲಿಯೂ ಉಂಡುದನ್ನು ಮರೆಯುವರೋ, ಊರೊಳಗೆ ದಾರಿ ತಪ್ಪುವರೋ, ಹೇಳಿಕಳಿಸಿದ ಮಾತನ್ನು ಮುಟ್ಟಿಸುವರೋ ಎಂಬಂಥ ದಿನಬಳಕೆಯ ಪ್ರಶ್ನೆಗಳ ಪಟ್ಟಿಯೊಂದು ಸಿದ್ಧವಾಯಿತು. ಇಂಥ ಪ್ರಶ್ನೆಗಳಿಗೆ ಕೊಡೇಕಲ್ಲಿನ ಮನೆಗಳಲ್ಲಿ ತಮ್ಮದೇ ಆದ ರೂಪವಿರುವದು. ತಾರೀಖು ಹೇಳಲಾರದ ಒಕ್ಕಲಿಗನು ಈಗ ನಡೆದಿರುವದು ಮಿರಗದ ಮಳೆಯೋ ಆರಿದ್ರೆಯೋ ಎಂಬದನ್ನು ಬಲ್ಲನು. ಕಾರಹುಣ್ಣಿಮೆಯ ತರುವಾಯ ಮಣ್ಣೆತ್ತಿನ ಅಮಾವಾಸ್ಯೆ, ಶೀಗಿಹುಣ್ಣಿಮೆಯ ಮುಂದೆ ಎಳ್ಳಮಾವಾಸ್ಯೆ ಎಂಬ ಕ್ರಮವು ತಪ್ಪದ ಗೃಹಿಣಿಯು, ಒಂದು ವರ್ಷ ಹಬ್ಬವು ಬಂದುದನ್ನೇ ಅರಿಯದೆ ಕುಳಿತರೆ, ಅದು ಕಾಗದದ ಮೇಲಿನ ಯಾವ ಗುಣಕ್ಕಿಂತಲೂ ದೊಡ್ಡ ಸೂಚನೆ. ಆದರೆ ಊರಿನ ಪ್ರಶ್ನೆಗಳನ್ನು ಕೂಡಿಸಿದ ಮಾತ್ರಕ್ಕೆ ಪರೀಕ್ಷೆಯಾಗುವದಿಲ್ಲ. ಸ್ವಸ್ಥರಾದ ನೂರಾರು ಜನರ ಮೇಲೆ ಒರೆಹಚ್ಚಿ, ಅವರಲ್ಲಿ ಎಷ್ಟು ಜನರು ತಪ್ಪುವರೆಂಬದನ್ನು ಮೊದಲು ತಿಳಿದುಕೊಳ್ಳಬೇಕಾಗುವದು.

ಏಕೆಂದರೆ ಜರಡಿಯು ತಕ್ಕಡಿಯಲ್ಲ. ಸಾವಿರ ವೃದ್ಧರಲ್ಲಿ ೭೪ ಜನರಿಗೆ ರೋಗವಿದೆಯೆಂದೂ, ರೋಗಿಗಳಲ್ಲಿ ನೂರಕ್ಕೆ ೮೦ ಜನರನ್ನು ಹಿಡಿದು ಸ್ವಸ್ಥರಲ್ಲಿ ನೂರಕ್ಕೆ ೮೦ ಜನರನ್ನು ಬಿಡುವ ಒಂದು ಪರೀಕ್ಷೆಯಿದೆಯೆಂದೂ ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಅದು ೫೯ ರೋಗಿಗಳನ್ನು ಹಿಡಿಯುವದು. ಜೊತೆಗೆ ೧೮೫ ಸ್ವಸ್ಥರನ್ನೂ ಹಿಡಿಯುವದು. ಹೀಗೆ ಸಂಶಯಕ್ಕೆ ಒಳಗಾದ ನಾಲ್ವರಲ್ಲಿ ಮೂವರಿಗೆ ಆ ರೋಗವಿರುವದಿಲ್ಲ. ಅವರಲ್ಲಿ ಕೆಲವರಿಗೆ ಕಿವಿ ಮಂದವಾಗಿರುವದು, ಕೆಲವರಿಗೆ ಕಣ್ಣಿನ ಪೊರೆ. ಕೆಲವರಿಗೆ ಮನಸ್ಸಿನ ಖಿನ್ನತೆ, ಥೈರಾಯಿಡ್ ಗ್ರಂಥಿಯ ದೋಷ, ಬಿ-ಹನ್ನೆರಡು ಜೀವಸತ್ವದ ಕೊರತೆ, ಔಷಧಗಳ ಮಂಪರು. ಇವುಗಳಲ್ಲಿ ಬಹಳಷ್ಟಕ್ಕೆ ಚಿಕಿತ್ಸೆಯುಂಟು. ಅವನ್ನು ಕಂಡುಹಿಡಿಯುವದೂ ಪರೀಕ್ಷೆಯ ಒಂದು ದೊಡ್ಡ ಪ್ರಯೋಜನವೇ. ಆದುದರಿಂದ ಕಡಿಮೆ ಗುಣವು ವೈದ್ಯರ ಬಳಿಗೆ ಹೋಗಲು ಹೇಳಿದ ಚೀಟಿಯೆಂದು ತಿಳಿಯಬೇಕೇ ಹೊರತು ತೀರ್ಪೆಂದು ತಿಳಿಯಬಾರದು.

ತೀರ್ಪೆಂದು ತಿಳಿದಲ್ಲಿ ಆಗುವ ಅನರ್ಥವು ಸಣ್ಣದಲ್ಲ. ನಾರಾಯಣಪುರದ ಬಸವಸಾಗರದ ಕಾಲುವೆಯ ನೀರು ಹರಿದ ಮೇಲೆ ಈ ಸೀಮೆಯಲ್ಲಿ ಒಂದೊಂದು ಎಕರೆಗೂ ಬೆಲೆ ಬಂದಿರುವದು. ಹೊಲವು ಹೆಚ್ಚಾಗಿ ಹಿರಿಯರ ಹೆಸರಿನಲ್ಲಿ ಇರುವದು. ಅಜ್ಜನಿಗೆ ಬುದ್ಧಿ ನೆಟ್ಟಗಿಲ್ಲವೆಂಬ ಒಂದು ಕಾಗದವು ಲೋಭಿಯಾದ ವಾರಸನ ಕೈಯಲ್ಲಿ ಆಯುಧವಾಗಬಲ್ಲದು. ಇನ್ನೊಂದು ಕಡೆಯಲ್ಲಿ, ನಿಜವಾಗಿ ತಿಳಿವಳಿಕೆ ಕುಂದಿದ ಅಜ್ಜಿಯಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರೂ ಇರುವರು. ೧೮೭೨ ರ ಕರಾರು ಕಾಯಿದೆಯು ಈ ವಿಷಯದಲ್ಲಿ ವಿವೇಕದಿಂದ ನಡೆದಿದೆ: ಕರಾರು ಮಾಡುವ ಆ ಸಮಯದಲ್ಲಿ ಅದನ್ನು ತಿಳಿದುಕೊಂಡು ತನ್ನ ಹಿತಾಹಿತವನ್ನು ವಿಚಾರಿಸುವ ಶಕ್ತಿಯಿತ್ತೇ ಎಂಬದನ್ನು ಅದು ಕೇಳುವದು, ಎಂದಾದರೂ ಒಮ್ಮೆ ಮರೆತವನೆಂಬ ಮಾತ್ರಕ್ಕೆ ಯಾರನ್ನೂ ಹೊರಗಿಡುವದಿಲ್ಲ.

ರೋಗವನ್ನು ಬೇಗ ಅರಿತು ಆಗುವ ಲಾಭವೇನೆಂದು ಕೇಳುವವರುಂಟು. ಪೂರ್ಣವಾಗಿ ಗುಣಪಡಿಸುವ ಔಷಧವು ಇನ್ನೂ ಇಲ್ಲ. ಕೆಲವರಿಗೆ ಕೆಲವು ಕಾಲ ಸ್ವಲ್ಪ ಉಪಶಮನವನ್ನು ಕೊಡುವ ಔಷಧಗಳಿವೆ. ಆದರೆ ಬೇಗ ಅರಿತ ಮನೆಯಲ್ಲಿ ಬೈಗಳವು ನಿಲ್ಲುವದು. ಒಲೆ, ಬಾವಿ, ರಸ್ತೆಗಳ ವಿಷಯದಲ್ಲಿ ಎಚ್ಚರಿಕೆ ಹುಟ್ಟುವದು. ಅಜ್ಜಿಯು ತನ್ನ ಇಚ್ಛೆಯನ್ನು ತಾನೇ ಹೇಳಬಲ್ಲ ಕಾಲದಲ್ಲಿಯೇ ಹೇಳುವದಕ್ಕೆ ಅವಕಾಶ ದೊರೆಯುವದು. ೨೦೨೪ ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಪಂಡಿತಮಂಡಲಿಯು, ತಡೆಯಬಹುದಾದ ಹದಿನಾಲ್ಕು ಕಾರಣಗಳನ್ನು ನಿವಾರಿಸಿದರೆ ಜಗತ್ತಿನ ಈ ರೋಗದಲ್ಲಿ ನೂರಕ್ಕೆ ೪೫ ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದೆಂದು ಗಣಿಸಿತು. ರಕ್ತದ ಒತ್ತಡ, ಸಕ್ಕರೆಯ ರೋಗ, ಕಿವುಡು, ದೃಷ್ಟಿದೋಷ, ಏಕಾಂತವಾಸ ಇವು ಅವುಗಳಲ್ಲಿ ಕೆಲವು; ಬಾಲ್ಯದಲ್ಲಿ ಶಿಕ್ಷಣವಿಲ್ಲದಿರುವದೂ ಒಂದು. ಕರ್ನಾಟಕ ಸರಕಾರವು ನಿಮ್ಹಾನ್ಸಿನೊಡನೆ ಕೂಡಿ ೨೦೨೨ ರಲ್ಲಿ ಮೆದುಳಿನ ಆರೋಗ್ಯದ ಉಪಕ್ರಮವನ್ನು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಆರಂಭಿಸಿದ್ದು ಶುಭಸೂಚನೆ. ಸಾಕ್ಷರತೆಯಲ್ಲಿ ಕಡೆಯದಾದ ಜಿಲ್ಲೆಗೆ ಅಂಥ ಸೌಕರ್ಯವು ಮೊದಲು ಬೇಕಾದುದೆಂಬದನ್ನು ಬೇರೆ ಹೇಳಬೇಕಾಗಿಲ್ಲ.

ಕೊಡೇಕಲ್ಲಿನ ಪರಂಪರೆಯ ವಚನಗಳು ಅಮರಗನ್ನಡವೆಂಬ ಲಿಪಿಯಲ್ಲಿ ಬರೆಯಲ್ಪಟ್ಟು, ಅದನ್ನು ಓದಬಲ್ಲ ಕೆಲವೇ ಜನರ ಕೈಯಲ್ಲಿ ಉಳಿದುಬಂದವು. ಓದಲಾಗದವರು ಆ ಹೊತ್ತಗೆಯಲ್ಲಿ ಏನೂ ಇಲ್ಲವೆಂದು ಹೇಳಿದ್ದರೆ ಅದು ಹೊತ್ತಗೆಯ ದೋಷವಾಗುತ್ತಿರಲಿಲ್ಲ. ಅಕ್ಷರ ಬಾರದ ವೃದ್ಧರ ಬುದ್ಧಿಯನ್ನು ಅಳೆಯುವವರು ಮೊದಲು ಆ ಲಿಪಿಯನ್ನು ಕಲಿಯಬೇಕಾಗಿರುವದು. ಕಲಿತ ಮೇಲೆ, ಅದರಲ್ಲಿ ನಿಜವಾಗಿ ಅಳಿಸಿಹೋಗುತ್ತಿರುವ ಗೆರೆಗಳನ್ನು ವಯಸ್ಸಿನ ಹೆಸರು ಹೇಳಿ ಕಡೆಗಣಿಸದಿರುವದು ಮನೆಯವರ ಕರ್ತವ್ಯವಾಗಿರುವದು.